ಹಳೆಯ ಜೀಪ್ ಪಿಕಪ್‌ಗೆ ಗಟ್ಟಿ ಹಾರ್ನ್: ಮೊದಲು ಕರೆಂಟಿನ ದಾರಿ, ಆಮೇಲೆ ಹೊಸ ಜೋಡಿ

ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ತಿರುವಿಗೆ ಮುಂಚೆ ಹಾರ್ನ್ ಹೊಡೆಯುವುದು ಶೋಕಿಯ ಮಾತಲ್ಲ. ಹಳೆಯ ಪಿಕಪ್ ಓಡಿಸುವವರಿಗಂತೂ ಅದು ಬ್ರೇಕಿನಷ್ಟೇ ಮುಖ್ಯ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ, ಹಿಂದೆ ಗೊಬ್ಬರದ ಮೂಟೆಯೋ ಕಾಫಿ ಚೀಲವೋ ತುಂಬಿರುತ್ತದೆ. ಎದುರಿನಿಂದ ಇಳಿದು ಬರುವ ಬಸ್ಸಿನವನಿಗೆ ನಾವಿದ್ದೇವೆ ಎಂಬುದು ನಾವು ಕಾಣಿಸುವುದಕ್ಕೆ ಮೊದಲೇ ಗೊತ್ತಾಗಬೇಕು. ಆದರೆ ಇಂಥ ಗಾಡಿಗಳ ಹಾರ್ನ್ ಸಾಮಾನ್ಯವಾಗಿ ಕೆಮ್ಮಿದ ಹಾಗೆ ಒಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ಇನ್ನೂ ಜೋರಾದ ಹಾರ್ನ್ ತಂದು ಅದೇ ಹಳೆಯ ವೈರಿಗೆ ಸಿಕ್ಕಿಸುವುದು. ಹೊಸ ಹಾರ್ನ್ ಹೆಚ್ಚು ಕರೆಂಟ್ ಕೇಳುತ್ತದೆ, ಹಳೆಯ ವೈರ್ ಅಷ್ಟು ಕೊಡುವುದಿಲ್ಲ, ಆರು ತಿಂಗಳಲ್ಲಿ ಸ್ಟಿಯರಿಂಗ್ ಬಟನ್ ಸುಟ್ಟು ಕೂರುತ್ತದೆ.

ಅದಕ್ಕೇ ಈ ಲೇಖನದ ಕ್ರಮ ತಿರುಗಾಮುರುಗ ಕಾಣಬಹುದು. ಹೊಸ ಹಾರ್ನ್ ಖರೀದಿಯ ಮಾತು ಅರ್ಧ ದಾರಿ ದಾಟಿದ ಮೇಲೆಯೇ ಬರುತ್ತದೆ. ಮುಂಚಿನ ಕೆಲಸ ಮಾಡಿದವರಲ್ಲಿ ಎಷ್ಟೋ ಜನಕ್ಕೆ ಖರೀದಿಯೇ ಬೇಕಾಗುವುದಿಲ್ಲ.

ನಿಮ್ಮ ಗಾಡಿ ಎಷ್ಟು ವೋಲ್ಟಿನದು?

ನಮ್ಮ ಕಡೆ ಉಳಿದಿರುವ ಹಳೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಮಹೀಂದ್ರಾ ಕಂಪನಿಯ ವಿಲ್ಲೀಸ್ ವಂಶದವು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಇವತ್ತಿಗೂ ಕೆಲಸ ಮಾಡುವ ಜೀಪ್ ಪಿಕಪ್‌ಗಳು ಇವು. ಡ್ರೈವರ್ ಪಕ್ಕದಲ್ಲೇ ಎಂಜಿನ್ ಕೂತಿರುವ ಮೊಂಡು ಮೂಗಿನ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಗಾಡಿಗಳೂ ಇದೇ ಕುಟುಂಬದವು. ಇವುಗಳಲ್ಲಿ ಬಹುಪಾಲು 12 ವೋಲ್ಟ್, ಬ್ಯಾಟರಿಯ ನೆಗೆಟಿವ್ (ಮೈನಸ್) ತುದಿ ಗಾಡಿಯ ಬಾಡಿಗೆ ಸೇರಿರುತ್ತದೆ. ಈ ಲೇಖನದ ಮುಖ್ಯ ಭಾಗ ಇಂಥ ಗಾಡಿಗೆ.

ಇದಕ್ಕಿಂತ ಹಳೆಯವೂ ಕೆಲವರ ಶೆಡ್ಡಿನಲ್ಲಿವೆ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಷೆವ್ರೊಲೆಟ್ ಗಾಡಿಗಳನ್ನು ಜೋಡಿಸಿ ಮಾರುತ್ತಿತ್ತು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಾಡ್ಜ್, ಫಾರ್ಗೋ ಬರುತ್ತಿದ್ದವು. ಅಮೆರಿಕದ ಕಂಪನಿಗಳು 6 ವೋಲ್ಟ್ ಬಿಟ್ಟು 12ಕ್ಕೆ ಬಂದದ್ದು 1955–56ರ ಆಸುಪಾಸಿನಲ್ಲಿ. ಹಾಗಾಗಿ ಅದಕ್ಕೆ ಹಿಂದಿನ ಗಾಡಿ ನಿಮ್ಮದಾದರೆ ಅದು 6 ವೋಲ್ಟ್ ಇರುವ ಸಾಧ್ಯತೆಯೇ ಹೆಚ್ಚು. ಆ ಕಾಲದ ಫೋರ್ಡ್ ಗಾಡಿಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತಿತ್ತು ಎಂಬುದೂ ನೆನಪಿರಲಿ. ಬ್ಯಾಟರಿಯ ಮೇಲೆ ನೀರು ಹಾಕುವ ಮುಚ್ಚಳ ಎಣಿಸಿದರೆ ತಿಳಿಯುತ್ತದೆ: ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಆದರೆ ಬ್ಯಾಟರಿ, ಡೈನಮೋ ಬದಲಿಸಿ 12ಕ್ಕೆ ತಂದ ಗಾಡಿಯಲ್ಲಿ ಹಾರ್ನ್ ಮಾತ್ರ ಹಳೆಯ 6 ವೋಲ್ಟಿನದೇ ಉಳಿದಿರಬಹುದು. ಹಾರ್ನಿನ ಬೆನ್ನ ಮೇಲೆ ಅಚ್ಚು ಹಾಕಿದ ಅಂಕಿಯನ್ನು ಮಣ್ಣು ಕೆರೆದು ಓದಿ.

ಹಾರ್ನಿನ ಒಳಗೆ

ಇದನ್ನು ಒಂದು ಸಲ ತಿಳಿದುಕೊಂಡರೆ ಮುಂದಿನ ರಿಪೇರಿ ಎಲ್ಲ ಸುಲಭ. ಹಾರ್ನಿನ ಒಳಗೆ ಒಂದು ಕಾಯಿಲ್, ಒಂದು ತೆಳು ಉಕ್ಕಿನ ತಗಡು (ಡಯಾಫ್ರಾಮ್), ಒಂದು ಜೊತೆ ಪಾಯಿಂಟ್ ಇವೆ. ಕರೆಂಟ್ ಬಂದೊಡನೆ ಕಾಯಿಲ್ ಅಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ತಗಡು ಸರಿದಾಗ ಅದರ ಜೊತೆಗಿನ ತುಂಡು ಪಾಯಿಂಟನ್ನು ಬಿಡಿಸುತ್ತದೆ. ಕರೆಂಟ್ ತಪ್ಪಿದ ಕೂಡಲೇ ತಗಡು ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಮುನ್ನೂರು ನಾನೂರು ಸಲ ಹೀಗಾಗುವುದೇ ನಮಗೆ ಕೇಳುವ ಸದ್ದು. ಬೆನ್ನ ಮೇಲಿರುವ ಸಣ್ಣ ಸ್ಕ್ರೂ ಈ ಪಾಯಿಂಟ್ ಯಾವಾಗ ಬಿಡಬೇಕು ಎಂಬುದನ್ನು ಹೊಂದಿಸುತ್ತದೆ.

ಇಲ್ಲಿಂದ ಎರಡು ವಿಷಯ ಹೊರಡುತ್ತವೆ. ವೋಲ್ಟ್ ಕಡಿಮೆಯಾದರೆ ತಗಡು ಪೂರ್ತಿ ಸರಿಯುವುದಿಲ್ಲ, ಸದ್ದು ಕೀರಲಾಗುತ್ತದೆ ಇಲ್ಲವೇ ಒಂದು ‘ಟಕ್’ ಮಾತ್ರ ಬರುತ್ತದೆ. ಇನ್ನೊಂದು, ಕಾಯಿಲ್‌ಗೆ ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂಬುದು ಲೆಕ್ಕಕ್ಕಿಲ್ಲ. ಪಾಸಿಟಿವ್ ಬಾಡಿಯ ಗಾಡಿಗೂ ಇವತ್ತಿನ ಸಾಮಾನ್ಯ ಹಾರ್ನ್ ನಡೆಯುತ್ತದೆ.

1908ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕ್ಲಾಕ್ಸನ್ ಜಾತಿಯ ಹಾರ್ನ್ ಇದಲ್ಲ. ‘ಅಹೂಗಾ’ ಎಂದು ಕೂಗುವ ಅದರಲ್ಲಿ ಒಂದು ಮೋಟರ್ ಹಲ್ಲಿನ ಚಕ್ರ ತಿರುಗಿಸಿ ತಗಡಿನ ಮಧ್ಯದ ಗುಬ್ಬಿಗೆ ಉಜ್ಜುತ್ತದೆ. ನಿಮ್ಮ ಗಾಡಿಯಲ್ಲಿ ಅಂಥದ್ದು ಇದ್ದರೆ ದಯವಿಟ್ಟು ತೆಗೆಯಬೇಡಿ. ಬುಷ್‌ಗೆ ಒಂದು ಹನಿ ಎಣ್ಣೆ, ಮೋಟರಿನ ಕಾರ್ಬನ್ ಬ್ರಷ್ ಸ್ವಚ್ಛ ಮಾಡಿದರೆ ಅದು ಮತ್ತೆ ಕೂಗುತ್ತದೆ.

ಮೊದಲ ಪರೀಕ್ಷೆ: ತಪ್ಪು ಹಾರ್ನಿನದೋ ವೈರಿನದೋ

ಬೇಕಾದದ್ದು ಒಂದು ಮಲ್ಟಿಮೀಟರ್, ಎರಡು ತುಂಡು ದಪ್ಪ ವೈರ್, 10–11, 12–13ರ ಸ್ಪ್ಯಾನರ್, ಉಪ್ಪುಕಾಗದ. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳಿ. ಬಾನೆಟ್ ಒಳಗೆ ತಲೆ ಇಟ್ಟು ಹಾರ್ನ್ ಕೇಳುವುದು ಕಿವಿಗೆ ನಿಜಕ್ಕೂ ಕೆಡುಕು. ಒಂದೊಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಕಾಯಿಲ್ ಕಾಯುತ್ತದೆ.

ಹಾರ್ನಿನ ವೈರ್ ಬಿಡಿಸಿ, ಅದನ್ನು ಎರಡು ತುಂಡು ವೈರಿನಿಂದ ನೇರ ಬ್ಯಾಟರಿಗೆ ಮುಟ್ಟಿಸಿ. ಮೊದಲು ಬ್ಯಾಟರಿಯ ಕಡೆ ಗಟ್ಟಿ ಮಾಡಿಕೊಂಡು ಕೊನೆಯ ಸ್ಪರ್ಶವನ್ನು ಬ್ಯಾಟರಿಯಿಂದ ದೂರ, ಹಾರ್ನಿನ ಟರ್ಮಿನಲ್‌ನಲ್ಲಿ ಮಾಡಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುತ್ತದೆ, ಅಲ್ಲಿ ಕಿಡಿ ಹಾರಬಾರದು. ನೇರ ಕೊಟ್ಟಾಗ ಸದ್ದು ಗಟ್ಟಿಯಾಗಿ ಬಂದರೆ ಹಾರ್ನ್ ಚೆನ್ನಾಗಿದೆ, ಕಾಯಿಲೆ ವೈರಿಂಗಿನದು.

ಈಗ ವೈರ್ ಮೊದಲಿನ ಹಾಗೆ ಜೋಡಿಸಿ, ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಬಟನ್ ಒತ್ತಿಸಿ. ಎಂಜಿನ್ ಬಂದ್ ಇರಲಿ, ಹೇಗೂ ಡೈನಮೋ ಇರುವ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜ್ ಬರುವುದಿಲ್ಲ. ಸದ್ದು ಬರುತ್ತಿರುವಾಗಲೇ ಹಾರ್ನಿನ ಎರಡು ಟರ್ಮಿನಲ್ ನಡುವೆ ವೋಲ್ಟ್ ಅಳೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸುತ್ತದೆ. ಹಾರ್ನ್ ಕೂಗುವಾಗ ಅದರ ಬಾಯಲ್ಲಿ ಹನ್ನೊಂದೂವರೆಯಾದರೂ ಇದ್ದರೆ ವೈರಿಂಗ್ ಪರವಾಗಿಲ್ಲ. ಹತ್ತೂವರೆಗಿಂತ ಕೆಳಗೆ ಇಳಿದರೆ ಹೊಸ ಹಾರ್ನಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಇಳಿದ ವೋಲ್ಟ್ ಎಲ್ಲಿ ಕಳೆದುಹೋಯಿತು ಎಂದು ಹುಡುಕುವುದೂ ಮೀಟರಿನದೇ ಕೆಲಸ. ಹಾರ್ನ್ ಒತ್ತಿಸಿಕೊಂಡೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಹಾರ್ನಿಗೆ ಕರೆಂಟ್ ಬರುವ ಟರ್ಮಿನಲ್‌ಗೆ ಇಡಿ. ಬಂದ ಅಂಕಿಯೇ ಬರುವ ದಾರಿಯಲ್ಲಿ ಕಳೆದ ವೋಲ್ಟ್. ಆಮೇಲೆ ಒಂದು ಕಡ್ಡಿ ಹಾರ್ನಿನ ಇನ್ನೊಂದು ಟರ್ಮಿನಲ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಅದು ವಾಪಸು ದಾರಿಯಲ್ಲಿ ಕಳೆದದ್ದು. ಯಾವುದೇ ಕಡೆ ಅರ್ಧ ವೋಲ್ಟ್ ಮೀರಿದರೆ ಅಲ್ಲಿ ತುಕ್ಕೋ ಸಡಿಲವೋ ಇದೆ. ಹಳೆಯ ಗಾಡಿಗಳಲ್ಲಿ ಹೆಚ್ಚು ಸಲ ಸಿಕ್ಕಿಬೀಳುವುದು ವಾಪಸು ದಾರಿ.

ವಾಪಸು ದಾರಿ ಯಾಕೆ ಕೆಡುತ್ತದೆ

ಇವತ್ತಿನ ಕಾರುಗಳಲ್ಲಿ ಬಟನ್ ಒಂದು ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ದಾರಿ ತೆರೆಯುವ ಸ್ವಿಚ್) ಎಬ್ಬಿಸುತ್ತದೆ, ಹಾರ್ನಿನ ಕರೆಂಟನ್ನು ರಿಲೇ ಕೊಡುತ್ತದೆ. ನಮ್ಮ ಹಳೆಯ ಜೀಪ್ ಜಾತಿಯಲ್ಲಿ ಹಾಗಿಲ್ಲ. ಬ್ಯಾಟರಿಯಿಂದ ಬಂದ ಕರೆಂಟ್ ನೇರ ಹಾರ್ನಿಗೆ ಬರುತ್ತದೆ. ಹಾರ್ನಿನಿಂದ ಒಂದೇ ವೈರ್ ಸ್ಟಿಯರಿಂಗ್ ಕಾಲಮ್ಮಿಗೆ ಹೋಗಿ ಬಟನ್ ಕೆಳಗೆ ಕಾಯುತ್ತಿರುತ್ತದೆ. ಬಟನ್ ಒತ್ತಿದರೆ ಆ ವೈರ್ ಬಾಡಿಗೆ ಮುಟ್ಟುತ್ತದೆ, ಸರ್ಕೀಟು ಪೂರ್ತಿಯಾಗುತ್ತದೆ. ಅಂದರೆ ಹಾರ್ನಿನ ಪೂರ್ತಿ ನಾಲ್ಕೈದು ಆಂಪಿಯರ್ ಆ ಸಣ್ಣ ಬಟನ್ ಮೂಲಕ, ಅಲ್ಲಿಂದ ಸ್ಟಿಯರಿಂಗ್ ಶಾಫ್ಟ್, ಗ್ರೀಸ್ ತುಂಬಿದ ಬೇರಿಂಗ್ ಗುಂಡುಗಳು, ಸ್ಟಿಯರಿಂಗ್ ಬಾಕ್ಸ್, ಪೇಂಟ್ ಬಳಿದ ಚಾಸಿಸ್ ಇವನ್ನೆಲ್ಲ ದಾಟಿ ಬ್ಯಾಟರಿಗೆ ಮರಳಬೇಕು. ಸ್ಟಿಯರಿಂಗ್ ತಿರುಗಿಸಿದಾಗ ಹಾರ್ನಿನ ಸದ್ದು ಬದಲಾಗುವ ಗಾಡಿ ನೋಡಿದ್ದರೆ ಕಾರಣ ಇದೇ.

ಮೊದಲು ಬ್ಯಾಟರಿಯ ಮೈನಸ್ ಕೇಬಲ್ ಚಾಸಿಸ್‌ಗೆ ಕೂರುವ ಜಾಗ ಬಿಚ್ಚಿ, ಪೇಂಟ್ ಮತ್ತು ತುಕ್ಕನ್ನು ಕಬ್ಬಿಣ ಹೊಳೆಯುವವರೆಗೂ ಉಜ್ಜಿ, ನಕ್ಷತ್ರದ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಇದೆಯೇ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಪಟ್ಟಿ ಕಳಚಿದ್ದರೆ ಅರ್ತಿಂಗ್ (ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸರಿಯಾಗಿ ಸಿಗುವುದಿಲ್ಲ. ಗ್ರಿಲ್ ಅಥವಾ ಫೆಂಡರ್ ಮೇಲೆ ಹಾರ್ನ್ ಕೂತಿದ್ದು ಅದಕ್ಕೆ ಒಂದೇ ಟರ್ಮಿನಲ್ ಇದ್ದರೆ, ಅದು ಬಾಡಿಯ ಮೂಲಕ ಅರ್ತಿಂಗ್ ತೆಗೆದುಕೊಳ್ಳುವ ಜಾತಿ. ಆ ತಗಡಿಗೂ ಚಾಸಿಸ್‌ಗೂ ಬೇರೆಯೇ ವೈರ್ ಕೊಡಿ. ಇಷ್ಟು ಮಾಡಿ ಹಾರ್ನ್ ಒತ್ತಿ ನೋಡಿ. ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟೂ ಇದೇ ಕೆಲಸದಿಂದ ಬೆಳಗುತ್ತದೆ.

ಬಟನ್ ಬಿಚ್ಚುವ ಮುಂಚೆ ಬ್ಯಾಟರಿಯ ಮೈನಸ್ ಕಳಚಿಡಿ. ಹಳೆಯ ಬೇಕಲೈಟ್ ಬಟನ್‌ಗಳು ಬಿಸಿಲಿಗೆ ಒಣಗಿ ಬಿರುಕು ಬಿಡಲು ಸಿದ್ಧವಾಗಿರುತ್ತವೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಒತ್ತಿ ತಿರುಗಿಸಿ ತೆಗೆಯುವ ಜಾತಿಯೋ, ಹಿಂದಿನಿಂದ ಸ್ಕ್ರೂ ಇರುವ ಜಾತಿಯೋ ನೋಡಿಕೊಳ್ಳಿ. ಒಳಗಿನ ಸ್ಪ್ರಿಂಗ್, ಇನ್ಸುಲೇಶನ್ ಬಟ್ಟಲು, ಹಿತ್ತಾಳೆ ತಟ್ಟೆ ಯಾವ ಕ್ರಮದಲ್ಲಿ ಕೂತಿವೆ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇನ್ಸುಲೇಶನ್ ಬಟ್ಟಲು ಬಿಟ್ಟು ಜೋಡಿಸಿದರೆ ಬ್ಯಾಟರಿ ಕೊಟ್ಟ ಕ್ಷಣದಿಂದ ಹಾರ್ನ್ ನಿಲ್ಲದೆ ಕೂಗುತ್ತದೆ. ಸುಟ್ಟು ಕಪ್ಪಾದ ತಟ್ಟೆಯನ್ನು ನಯವಾದ ಉಪ್ಪುಕಾಗದದಿಂದ ತಿಕ್ಕಿ ಒರೆಸಿದರೆ ಸಾಕು.

ಹಳೆಯ ಹಾರ್ನಿಗೆ ಮತ್ತೆ ಗಂಟಲು

ಗಾಡಿಯ ಜೊತೆ ಬಂದ ಹಾರ್ನನ್ನು ಉಳಿಸಿಕೊಳ್ಳುವ ಪಕ್ಷ ನನ್ನದು. ಅದರ ಆಕಾರ, ಬಣ್ಣ, ಸದ್ದು ಮೂರೂ ಆ ಗಾಡಿಗೆ ಸೇರಿದವು, ಕಳೆದುಕೊಂಡರೆ ಮತ್ತೆ ಹುಡುಕುವುದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸದಕ್ಕೆ ಬರವಿಲ್ಲ. ಅರವತ್ತು ವರ್ಷದ ಹಾರ್ನ್ ಬೇಕಾದರೆ ಗುಜರಿಯೇ ಗತಿ.

ಹಿಂದಿನ ಮುಚ್ಚಳ ಸ್ಕ್ರೂಗಳಲ್ಲಿ ಕೂತಿದ್ದರೆ ಬಿಚ್ಚಬಹುದು. ಸುತ್ತ ಮಡಚಿ ಒತ್ತಿದ ಜಾತಿಯಾದರೆ ಬಿಚ್ಚುವ ಹುಚ್ಚಿಗೆ ಹೋಗದೆ ಹೊರಗಿನ ಸ್ಕ್ರೂ ಹೊಂದಿಸಿ ನೋಡಿ. ಬಿಚ್ಚಿದ್ದಾದರೆ ಗ್ಯಾಸ್ಕೆಟ್ ಹರಿಯದಂತೆ ತೆಗೆಯಿರಿ, ಅದರ ದಪ್ಪವೂ ಸದ್ದಿನ ಲೆಕ್ಕಕ್ಕೆ ಸೇರಿದೆ. ಪಾಯಿಂಟ್‌ಗಳ ನಡುವೆ ಪಾಯಿಂಟ್ ಫೈಲನ್ನು ಒಂದೆರಡು ಸಲ ಎಳೆದು, ಆಮೇಲೆ ಬಿಳಿ ಕಾಗದದ ಪಟ್ಟಿ ತೂರಿಸಿ ಎಳೆಯಿರಿ. ಕಾಗದಕ್ಕೆ ಕಪ್ಪು ಹತ್ತುವುದು ನಿಲ್ಲುವವರೆಗೂ ಎಳೆಯಬೇಕು. ತಗಡಿನ ಮೇಲಿನ ತುಕ್ಕನ್ನು ನಯವಾಗಿ ಒರೆಸಿ. ತೂತು ಬಿದ್ದಿದ್ದರೆ ಆ ಹಾರ್ನನ್ನು ಗಾಡಿಯ ಮೇಲೆ ಅಂದಕ್ಕೆ ಉಳಿಸಿಕೊಂಡು, ಸದ್ದಿನ ಕೆಲಸ ಹೊಸದಕ್ಕೆ ಕೊಡಿ. ತಗಡಿಗೆ ದಪ್ಪ ಪೇಂಟ್ ಬಳಿದರೆ ತೂಕ ಹೆಚ್ಚಿ ಸದ್ದು ಕುಂದುತ್ತದೆ, ಬಣ್ಣ ಹೊರಗಿನ ಚಿಪ್ಪಿಗಷ್ಟೇ ಸಾಕು.

ಹೊಂದಿಸುವಾಗ ಹಾರ್ನನ್ನು ವೈಸ್‌ನಲ್ಲಿ ಅದರ ಬ್ರಾಕೆಟ್ಟಿನಿಂದ ಹಿಡಿಸಿ, ಚಿಪ್ಪಿನಿಂದಲ್ಲ. ಸಾಧ್ಯವಿದ್ದರೆ ಆ್ಯಮೀಟರನ್ನು ಸರಣಿಯಲ್ಲಿ ಸೇರಿಸಿ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ. ತಿರುಗಿಸಿ, ಬಿಟ್ಟು, ಒತ್ತಿ, ಕೇಳಿ. ಸ್ಕ್ರೂ ಒಂದು ಕಡೆ ತೀರಾ ಹೋದರೆ ಪಾಯಿಂಟ್ ಬಿಡುವುದೇ ಇಲ್ಲ, ಸದ್ದಿಲ್ಲದೆ ಕರೆಂಟ್ ಮಾತ್ರ ಏರುತ್ತದೆ. ಕಾಯಿಲ್ ಸುಡುವುದು ಆಗಲೇ, ತಕ್ಷಣ ಬಿಡಿ. ಇನ್ನೊಂದು ಕಡೆ ತೀರಾ ಹೋದರೆ ಪಾಯಿಂಟ್ ಕೂಡುವುದೇ ಇಲ್ಲ. ಇವೆರಡರ ನಡುವೆ ಸದ್ದು ತುಂಬಿ ಬರುವ ಒಂದು ಸಣ್ಣ ಜಾಗ ಇದೆ. ಒರಟು ಕಿರ್‌ಕಿರ್ ಇಲ್ಲದೆ ಸ್ವರ ಸ್ಪಷ್ಟವಾಗಿ ನಿಂತ ಕಡೆ ಲಾಕ್‌ನಟ್ ಬಿಗಿಯಿರಿ. ಹಾರ್ನಿನ ನಟ್ಟನಡುವೆ ಇರುವ ದೊಡ್ಡ ನಟ್ಟನ್ನು ಮಾತ್ರ ಮುಟ್ಟಬೇಡಿ. ಅದು ತಗಡಿಗೂ ಕಾಯಿಲ್‌ಗೂ ನಡುವಿನ ಅಂತರ, ಕಾರ್ಖಾನೆಯಲ್ಲಿ ಹೊಂದಿಸಿದ್ದು.

ಹೊಸ ಜೋಡಿ ಬೇಕೆಂದರೆ

ಒಂದೇ ಹಾರ್ನಿದ್ದ ಗಾಡಿಗೆ ಎರಡು ಸ್ವರದ ಜೋಡಿ ಹಾಕುವುದು ನಿಜವಾದ ಸುಧಾರಣೆ. ಲೆಕ್ಕದ ಪ್ರಕಾರ ಒಂದೇ ಥರದ ಎರಡು ಹಾರ್ನ್ ಕೂಡಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ, ಸದ್ದು ಇಮ್ಮಡಿ ಅನ್ನಿಸುವುದಿಲ್ಲ. ಲಾಭ ಇರುವುದು ಸ್ವರಗಳ ವ್ಯತ್ಯಾಸದಲ್ಲಿ. ಮೇಲಿನ ಸ್ವರ ಎದುರಿನ ಲಾರಿಯ ಎಂಜಿನ್ ಗದ್ದಲವನ್ನು ಸೀಳಿ ಕೇಳುತ್ತದೆ. ಕೆಳಗಿನ ಸ್ವರ ತಿರುವಿನ ಮೂಲೆ ಬಳಸಿ ಹೆಚ್ಚು ದೂರ ಹಬ್ಬುತ್ತದೆ. ಎರಡೂ ಕೂಡಿದಾಗ ಕೇಳುವವರಿಗೆ ದೊಡ್ಡ ಗಾಡಿಯೊಂದು ಬರುತ್ತಿದೆ ಎಂದು ಅರ್ಥವಾಗುತ್ತದೆ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಚಪ್ಪಟೆ ತಟ್ಟೆಯ ಡಿಸ್ಕ್ ಹಾರ್ನ್, ಮತ್ತು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಕೊಳವೆ ಇರುವ ವಿಂಡ್‌ಟೋನ್. ಡಿಸ್ಕ್ ಸದ್ದು ಚುರುಕು, ಜಾಗ ಕಡಿಮೆ ಸಾಕು, ಮಳೆ ಕೆಸರಿಗೆ ಹೆಚ್ಚು ಬಾಳುತ್ತದೆ. ವಿಂಡ್‌ಟೋನ್ ಸ್ವರ ತುಂಬಿರುತ್ತದೆ, ಕಿವಿಗೆ ಹಿತ, ಆದರೆ ಕೊಳವೆಯಲ್ಲಿ ನೀರು ನಿಂತರೆ ಗೊರಗುಟ್ಟುತ್ತದೆ. ಕೊಯಮತ್ತೂರಿನ ರೂಟ್ಸ್, ಮಿಂಡಾ, ಬಾಷ್, ಹೆಲ್ಲಾ ಎಲ್ಲರೂ ಎರಡೂ ಬಗೆ ಮಾಡುತ್ತಾರೆ. ಹಳೆಯ ಗಾಡಿಯ ಸ್ವಭಾವಕ್ಕೆ ವಿಂಡ್‌ಟೋನ್ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ದಿನವೂ ಕೆಸರು ತುಳಿಯುವ ತೋಟದ ಗಾಡಿಗೆ ಮಾತ್ರ ಡಿಸ್ಕ್ ಜೋಡಿಯೇ ವಾಸಿ.

ಕೊಳ್ಳುವಾಗ ಹಾರ್ನಿಗೆ ಎರಡು ಟರ್ಮಿನಲ್ ಇರುವುದನ್ನೇ ಆರಿಸಿ. ಪೆಟ್ಟಿಗೆಯ ಮೇಲೆ 12 ವೋಲ್ಟ್, ಎಷ್ಟು ಆಂಪಿಯರ್ ಎಂಬುದನ್ನು ಓದಿ. ಜೋಡಿ ಸೇರಿ ಸುಮಾರು 8ರಿಂದ 10 ಆಂಪಿಯರ್ ಎಂದುಕೊಂಡು ವೈರಿಂಗ್ ಲೆಕ್ಕ ಹಾಕಿ. 24 ವೋಲ್ಟಿನ ಲಾರಿ ಹಾರ್ನ್ ನೋಡಲು ಹಾಗೇ ಇರುತ್ತದೆ, ಕಣ್ತಪ್ಪಿ ತರಬೇಡಿ.

ಕೂರಿಸುವ ಜಾಗ

ಹಾರ್ನಿನ ಜೊತೆ ಬರುವ ಪಟ್ಟಿ ಪಟ್ಟಿಯಾದ ಬ್ರಾಕೆಟ್ ಬರೀ ಹಿಡಿಕೆಯಲ್ಲ. ಚಿಪ್ಪು ಅದರ ಮೇಲೆ ಅದುರಲು ಬಿಡುವುದೇ ಅದರ ಕೆಲಸ. ಬ್ರಾಕೆಟ್ಟಿನ ಬುಡ ಗಟ್ಟಿ ಕಬ್ಬಿಣಕ್ಕೆ ಬಿಗಿಯಾಗಿ ಕೂರಬೇಕು. ಹಾರ್ನಿನ ಮೈ ಸುತ್ತ ಯಾವುದಕ್ಕೂ ತಾಗಬಾರದು, ಒಂದು ಬೆರಳಾದರೂ ಜಾಗ ಇರಲಿ. ತೆಳು ತಗಡಿಗೆ ಕೂರಿಸಿದರೆ ಅದುರುವುದೆಲ್ಲ ತಗಡಿನಲ್ಲೇ ಕರಗುತ್ತದೆ. ಹಳೆಯ ಬ್ರಾಕೆಟ್ ತೆಗೆದು ಮನೆಯಲ್ಲಿ ಮಾಡಿದ ದಪ್ಪ ಪಟ್ಟಿಯಲ್ಲಿ ಬಿಗಿದರೆ ಅದೇ ಹಾರ್ನಿನ ಅರ್ಧ ಗಂಟಲು ಹೋಗುತ್ತದೆ.

ವಿಂಡ್‌ಟೋನ್ ಬಾಯಿ ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿ ಇರಲಿ. ನೀರು ನಿಲ್ಲದೆ ಇಳಿದುಹೋಗಬೇಕು, ಮಲೆನಾಡಿನ ಮಳೆಗೆ ಇದು ಕಡ್ಡಾಯ. ನಂಬರ್ ಪ್ಲೇಟ್, ಬಂಪರ್ ಪಟ್ಟಿ ಬಾಯಿಗೆ ಅಡ್ಡ ಬರಬಾರದು. ಜೀಪ್ ಮೂತಿಯಲ್ಲಿ ಗ್ರಿಲ್ ಹಿಂದೆ, ರೇಡಿಯೇಟರ್ ಪಕ್ಕದ ಜಾಗ ಒಳ್ಳೆಯದು. ರೇಡಿಯೇಟರಿಗೆ ಗಾಳಿ ಬರುವ ದಾರಿಗೆ ಮಾತ್ರ ಅಡ್ಡವಾಗದಿರಲಿ.

ಹಳೆಯ ಹಾರ್ನ್ ಇದ್ದ ಕಡೆಯೇ ಕಾಣುವಂತೆ ಉಳಿಸಿ, ಹೊಸ ಜೋಡಿಯನ್ನು ಮರೆಯಲ್ಲಿ ಇಡಿ. ಚಾಸಿಸ್‌ಗೆ ಹೊಸ ತೂತು ಕೊರೆಯಬೇಡಿ, ಈಗಿರುವ ಬೋಲ್ಟ್ ತೂತುಗಳನ್ನೇ ಬಳಸಿ. ಗಾಡಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ, 2021ರಲ್ಲಿ ಬಂದ ನಿಯಮದಂತೆ ಅದಕ್ಕೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗಬಹುದು. ಅದಕ್ಕೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇರಬೇಕು. ನಾಳೆ ಅರ್ಜಿ ಹಾಕುವ ಮನಸ್ಸಿದ್ದರೆ ಇವತ್ತಿನ ಕೆಲಸ ಬಿಚ್ಚಿ ವಾಪಸು ಮಾಡುವಂತಿರಲಿ.

ರಿಲೇ ಮತ್ತು ವೈರಿಂಗ್

ಇದೇ ಈ ಕೆಲಸದ ಹೃದಯ. ಹಳೆಯ ಹಾರ್ನೊಂದನ್ನೇ ಉಳಿಸಿಕೊಳ್ಳುವವರೂ ಇದನ್ನು ಮಾಡಲೇಬೇಕು ಎನ್ನುತ್ತೇನೆ. ರಿಲೇ ಬಂದ ಮೇಲೆ ಸ್ಟಿಯರಿಂಗ್ ಬಟನ್ ಮೂಲಕ ಹರಿಯುವುದು ರಿಲೇ ಕಾಯಿಲ್‌ಗೆ ಬೇಕಾದ ಸುಮಾರು 0.15ರಿಂದ 0.2 ಆಂಪಿಯರ್ ಮಾತ್ರ. ಹಾಗಾಗಿ ಗ್ರೀಸ್ ತುಂಬಿದ ಬೇರಿಂಗ್, ಹಳೆಯ ಸಣ್ಣ ವೈರ್ ಯಾವುದೂ ತೊಂದರೆ ಕೊಡುವುದಿಲ್ಲ, ಬಟನ್ ಸುಡುವುದೂ ನಿಲ್ಲುತ್ತದೆ.

ವೈರಿನ ದಪ್ಪ ಯಾಕೆ ಮುಖ್ಯ ಎಂದರೆ, 1 ಚದರ ಮಿ.ಮೀ. ತಾಮ್ರದ ವೈರ್ ಮೀಟರಿಗೆ ಸುಮಾರು 0.018 ಓಮ್ ತಡೆ ಒಡ್ಡುತ್ತದೆ. 5 ಮೀಟರ್ ಉದ್ದದಲ್ಲಿ 10 ಆಂಪಿಯರ್ ಹರಿದರೆ 0.9 ವೋಲ್ಟ್ ವೈರಿನಲ್ಲೇ ಹೋಯಿತು. ಅದೇ 2.5 ಚದರ ಮಿ.ಮೀ. ಹಾಕಿದರೆ ಕಳೆಯುವುದು 0.36 ಮಾತ್ರ. ಅಂಗಡಿಯಲ್ಲಿ ಗಾಡಿ ವೈರಿಂಗಿನ ಎರಡೂವರೆ ವೈರ್ ಎಂದು ಕೇಳಿ. ಮನೆ ವೈರಿಂಗಿನ ಒಂಟಿ ಕಡ್ಡಿಯ ವೈರ್ ಬೇಡ, ಅದುರಾಟಕ್ಕೆ ಮುರಿಯುತ್ತದೆ. ಬಟನ್ ಕಡೆಗೆ 1 ಚದರ ಮಿ.ಮೀ. ಧಾರಾಳ.

12 ವೋಲ್ಟಿನ, 30 ಆಂಪಿಯರಿನ ನಾಲ್ಕು ಪಿನ್ ರಿಲೇ ತನ್ನಿ. ಪಿನ್‌ಗಳ ಪಕ್ಕ ಅಂಕಿ ಇರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಈ ಕ್ರಮದಲ್ಲಿ ಜೋಡಿಸಿ:

1. ಬ್ಯಾಟರಿಯ ಪ್ಲಸ್‌ನಿಂದ ಎರಡೂವರೆ ವೈರ್ ಹೊರಡಲಿ. ಹೊರಟ ಒಂದು ಗೇಣಿನೊಳಗೆ 15 ಅಥವಾ 20 ಆಂಪಿಯರಿನ ಫ್ಯೂಸ್ ಇರಲಿ. ಫ್ಯೂಸ್‌ನಿಂದ ರಿಲೇಯ 30ಕ್ಕೆ. ಫ್ಯೂಸ್ ದೂರ ಇಟ್ಟರೆ ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರಿಗೆ ಕಾವಲೇ ಇಲ್ಲ.

2. ರಿಲೇಯ 87ರಿಂದ ಎರಡೂವರೆ ವೈರ್, ಎರಡಾಗಿ ಕವಲೊಡೆದು ಎರಡೂ ಹಾರ್ನಿನ ಒಂದೊಂದು ಟರ್ಮಿನಲ್‌ಗೆ.

3. ಹಾರ್ನ್‌ಗಳ ಉಳಿದ ಟರ್ಮಿನಲ್‌ಗಳಿಂದ ಅಷ್ಟೇ ದಪ್ಪದ ವೈರ್ ನೀವು ಉಜ್ಜಿ ಹೊಳಪಿಸಿದ ಚಾಸಿಸ್ ಜಾಗಕ್ಕೆ. ಬ್ರಾಕೆಟ್ ಅರ್ತಿಂಗನ್ನು ನಂಬಬೇಡಿ.

4. ಮೊದಲು ಹಾರ್ನಿನಿಂದ ಸ್ಟಿಯರಿಂಗ್‌ಗೆ ಹೋಗುತ್ತಿದ್ದ ಹಳೆಯ ವೈರ್ ಈಗ ರಿಲೇಯ 85ಕ್ಕೆ.

5. 86ಕ್ಕೆ ಪ್ಲಸ್ ಬೇಕು. 30ರಿಂದಲೇ ತುಂಡು ವೈರ್ ಕೊಟ್ಟರೆ ಹಳೆಯ ರೀತಿಯಂತೆ ಚಾವಿ ಇಲ್ಲದೆಯೂ ಹಾರ್ನ್ ಬಾರಿಸುತ್ತದೆ. ನಾನು ಹೇಳುವುದು ಚಾವಿ ಹಾಕಿದ ಮೇಲೆ ಬರುವ ಪ್ಲಸ್‌ನಿಂದ ಕೊಡಿ ಎಂದು. ಕಾಲಮ್ ಒಳಗಿನ ಹಳೆಯ ವೈರ್ ಎಲ್ಲಾದರೂ ಸವೆದು ಬಾಡಿಗೆ ಮುಟ್ಟಿದರೆ, ಶೆಡ್ಡಿನಲ್ಲಿ ನಿಂತ ಗಾಡಿ ರಾತ್ರಿಯಿಡೀ ಕೂಗುವುದು ತಪ್ಪುತ್ತದೆ.

ನಿಮ್ಮ ಗಾಡಿಯಲ್ಲಿ ಬಟನ್ ಅರ್ತಿಂಗ್ ಕೊಡುವ ಬದಲು ಪ್ಲಸ್ ಕೊಡುವ ಜಾತಿಯದಾದರೆ, ಬಟನ್ ವೈರ್ 86ಕ್ಕೆ, 85 ಬಾಡಿಗೆ. ಟೆಸ್ಟ್ ಲ್ಯಾಂಪಿನಿಂದ ಮೊದಲೇ ತಿಳಿದುಕೊಳ್ಳಿ. ಐದು ಪಿನ್ ರಿಲೇ ಸಿಕ್ಕಿದರೆ ನಡುವಿನ 87ಎ ಪಿನ್ ಖಾಲಿ ಬಿಡಿ. ಅದಕ್ಕೆ ಹಾರ್ನ್ ಕೊಟ್ಟರೆ ಒತ್ತದಿದ್ದಾಗ ಕೂಗುತ್ತದೆ, ಒತ್ತಿದಾಗ ಸುಮ್ಮನಾಗುತ್ತದೆ. ಪಾಸಿಟಿವ್ ಬಾಡಿಯ ಗಾಡಿಗೆ ಒಳಗೆ ಡಯೋಡ್ ಇಲ್ಲದ ರಿಲೇಯನ್ನೇ ತನ್ನಿ.

ರಿಲೇಯನ್ನು ಪಿನ್ ಕೆಳಮುಖವಾಗಿರುವಂತೆ, ಸೈಲೆನ್ಸರ್ ಮ್ಯಾನಿಫೋಲ್ಡಿನ ಕಾವಿನಿಂದ ದೂರ ಕೂರಿಸಿ. ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ಬರೀ ಸುತ್ತಿ ಟೇಪ್ ಹಚ್ಚಿದ ಜಾಯಿಂಟ್ ಮೊದಲ ಮಳೆಗಾಲಕ್ಕೇ ಹಸಿರುಗಟ್ಟುತ್ತದೆ. ತಗಡಿನ ತೂತು ದಾಟುವ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಗಾಡಿಯ ಹಳೆತನ ಕಾಣಬೇಕೆನ್ನುವವರು ಹೊಸ ವೈರಿಗೆ ಕಪ್ಪು ಬಟ್ಟೆಯ ಸ್ಲೀವ್ ಹಾಕಿದರೆ ಬಾನೆಟ್ ಎತ್ತಿದಾಗ ಕಣ್ಣಿಗೆ ಚುಚ್ಚುವುದಿಲ್ಲ.

6 ವೋಲ್ಟಿನವರಿಗೆ

6 ವೋಲ್ಟಿನಲ್ಲಿ ಅಷ್ಟೇ ಶಕ್ತಿಗೆ ಎರಡರಷ್ಟು ಕರೆಂಟ್ ಬೇಕು, ಒಂದು ವೋಲ್ಟ್ ಕಳೆದರೆ ಆರರಲ್ಲೊಂದು ಪಾಲು ಹೋದಂತೆ. ಆದ್ದರಿಂದ ಅಲ್ಲಿ 4 ಚದರ ಮಿ.ಮೀ. ವೈರ್, ಉಜ್ಜಿದ ಅರ್ತಿಂಗ್, 6 ವೋಲ್ಟಿನದೇ ರಿಲೇ. 12ರ ರಿಲೇ ಆರಕ್ಕೆ ಎಳೆಯುವ ಭರವಸೆ ಇಲ್ಲ, 12ರ ಹಾರ್ನ್ ಬರೀ ಟಕ್ಕೆನ್ನುತ್ತದೆ.

ಗಾಡಿಯನ್ನು 12ಕ್ಕೆ ಬದಲಿಸಿ ಹಾರ್ನ್ ಮಾತ್ರ ಆರರದ್ದು ಉಳಿದಿದ್ದರೆ, ಅದು ಈಗ ಜೋರಾಗಿಯೇ ಕೂಗುತ್ತಿರುತ್ತದೆ. ಪಾಯಿಂಟ್ ಬೇಗ ಸುಡುತ್ತದೆ, ಉದ್ದಕ್ಕೆ ಒತ್ತಿದರೆ ಕಾಯಿಲ್ಲೂ ಹೋಗುತ್ತದೆ. ಎರಡು 6 ವೋಲ್ಟ್ ಹಾರ್ನನ್ನು ಒಂದರ ಬೆನ್ನಿಗೊಂದು ಸರಣಿಯಲ್ಲಿ ಜೋಡಿಸಿದರೆ 12 ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಬಲ್ಬಿಗೆ ಅದು ಸರಿ, ಹಾರ್ನಿಗೆ ಆಗುವುದಿಲ್ಲ. ಒಂದರ ಪಾಯಿಂಟ್ ಬಿಟ್ಟಾಗಲೆಲ್ಲ ಇನ್ನೊಂದರ ಕರೆಂಟೂ ತಪ್ಪಿ ಎರಡೂ ತಡವರಿಸುತ್ತವೆ. ಹಳೆಯದನ್ನು ಜಾಗದಲ್ಲೇ ಬಿಟ್ಟು ಅದರ ಸಂಪರ್ಕ ತಪ್ಪಿಸಿ, ಮರೆಯಲ್ಲಿ 12ರ ಜೋಡಿ ಹಾಕುವುದೇ ಸರಿಯಾದ ದಾರಿ.

ಯಾವುದನ್ನು ಹಾಕಬಾರದು

ಗಾಳಿ ಒತ್ತಡದ ಕರ್ಕಶ ಹಾರ್ನ್, ಹಾಡು ಬಾರಿಸುವ ಬಹುಸ್ವರದ ಹಾರ್ನ್ ಇವು ಬೇಡ. ಕೇಂದ್ರ ಮೋಟಾರು ವಾಹನ ನಿಯಮ 1989ರ 119ನೇ ನಿಯಮ ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನೂ, ಅತಿಯಾಗಿ ಕರ್ಕಶವಾದ, ಬೆಚ್ಚಿಬೀಳಿಸುವ ಸದ್ದಿನ ಸಾಧನವನ್ನೂ ಒಪ್ಪುವುದಿಲ್ಲ. ಮೇಲಿನ ಸ್ವರ ಕೆಳಗಿನ ಸ್ವರ ಎರಡೂ ಒಟ್ಟಿಗೇ ಬಾರಿಸುವ ಜೋಡಿ ಈ ಪಟ್ಟಿಗೆ ಸೇರುವುದಿಲ್ಲ. ಐಎಸ್ 1884 (ಭಾರತೀಯ ಮಾನಕ) ಗುಣಮಟ್ಟದ ಹಾರ್ನ್ ಎಂಬುದನ್ನು ಪೆಟ್ಟಿಗೆಯ ಮೇಲೆ ನೋಡಿ ಕೊಳ್ಳಿ. ಕಾರಣವಿಲ್ಲದೆ ಹಾರ್ನ್ ಬಾರಿಸಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 1,000 ರೂಪಾಯಿ, ಮತ್ತೆ ಮಾಡಿದರೆ 2,000 ದಂಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ, ಆಸ್ಪತ್ರೆ ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಯಾವಾಗಲೂ ಹಾರ್ನ್ ನಿಷಿದ್ಧ. ಬಂಡೀಪುರ, ನಾಗರಹೊಳೆಯ ಕಾಡಿನ ರಸ್ತೆಯಲ್ಲಿ ಹೋಗುವಾಗ ಗಟ್ಟಿ ಹಾರ್ನಿದೆ ಎಂದು ಒತ್ತಬೇಡಿ. ಆನೆ ಅಡ್ಡ ಬಂದರೆ ದೂರದಲ್ಲೇ ಗಾಡಿ ನಿಲ್ಲಿಸಿ ಕಾಯಿರಿ.

ಮುಗಿಸುವ ಮುಂಚೆ

ಬ್ಯಾಟರಿ ಜೋಡಿಸಿ, ಚಾವಿ ಹಾಕಿ, ಬಟನ್ ಒತ್ತಿ. ರಿಲೇ ‘ಟಿಕ್’ ಎಂದು ಹಾರ್ನ್ ಸುಮ್ಮನಿದ್ದರೆ 30, 87 ಅಥವಾ ಹಾರ್ನಿನ ಅರ್ತಿಂಗ್ ಕಡೆ ನೋಡಿ. ಟಿಕ್ಕೇ ಇಲ್ಲದಿದ್ದರೆ 85, 86 ಮತ್ತು ಬಟನ್. ಸದ್ದು ಬಂದರೆ ಮತ್ತೆ ಮೀಟರ್ ಹಿಡಿದು ಹಾರ್ನಿನ ಬಾಯಲ್ಲಿ ವೋಲ್ಟ್ ಅಳೆಯಿರಿ, ಮೊದಲು ಅಳೆದ ಅಂಕಿಯ ಜೊತೆ ಹೋಲಿಸಿ. ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಬಟನ್ ಒತ್ತಿ ನೋಡಿ, ಸದ್ದು ಎಲ್ಲೂ ಕಡಿಯಬಾರದು. ಬಟನ್ ಮುಟ್ಟದೆಯೂ ತಿರುಗಿಸಿ ನೋಡಿ. ಯಾವುದೋ ಒಂದು ಕಡೆ ತಾನಾಗಿ ಕೂಗಿದರೆ ಕಾಲಮ್ ಒಳಗಿನ ವೈರ್ ಸವೆದಿದೆ, ಅದನ್ನು ಬದಲಿಸದೆ ರಸ್ತೆಗೆ ಇಳಿಸಬೇಡಿ.

ಡ್ಯಾಶ್‌ಬೋರ್ಡ್ ಕೆಳಗೆ ಎರಡು ಫ್ಯೂಸ್, ಒಂದು ರಿಲೇ ಹೆಚ್ಚಿಗೆ ಇಟ್ಟಿರಿ. ದಾರಿಯಲ್ಲಿ ಹಾರ್ನ್ ಅಂಟಿಕೊಂಡು ಕೂಗತೊಡಗಿದರೆ ವೈರ್ ಕತ್ತರಿಸುವ ಅಗತ್ಯವಿಲ್ಲ, ಫ್ಯೂಸ್ ಕಿತ್ತರೆ ನಿಲ್ಲುತ್ತದೆ. ಗಾಡಿ ಓಡಿಸುವ ಮನೆಯವರಿಗೆಲ್ಲ ಆ ಫ್ಯೂಸ್ ಎಲ್ಲಿದೆ ಎಂದು ತೋರಿಸಿಡಿ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಹಾರ್ನ್ ಮತ್ತು ರಿಲೇಯ ಲಗ್ಗುಗಳನ್ನು ಕಳಚಿ ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಬಿಗಿಯಿರಿ.